ಮಾರ್ಕೆಟ್ ಬೀಳುವ ಮೊದಲು ಯಾವ ಸೆಕ್ಟರ್ ಶಾರ್ಟ್ ಮಾಡಬೇಕು?

ಶಾರ್ಟ್ ಅಂದರೆ ಬೆಲೆ ಬೀಳುತ್ತದೆ ಅಂತ ಮೊದಲೇ ಮಾರಿ, ಬಿದ್ದ ಮೇಲೆ ಕೊಂಡು ಲಾಭ ಮಾಡುವುದು. ಬೆಲೆ ಜಾಸ್ತಿ ಆಗಿದೆ ಅನ್ನುವ ಒಂದೇ ಕಾರಣಕ್ಕೆ ಯಾವ ಸೆಕ್ಟರನ್ನೂ ಶಾರ್ಟ್ ಮಾಡಬೇಡಿ. ದುಬಾರಿ ಷೇರು ಇನ್ನೂ ಎರಡು ವರ್ಷ ಏರಬಹುದು. ನೋಡಬೇಕಾದದ್ದು ಸಾಲ. ಯಾರ ವ್ಯಾಪಾರ ಸಾಲದ ಮೇಲೆ ನಿಂತಿದೆಯೋ ಅವರಿಗೇ ಏಟು ಜೋರು.

2020ರ ಜನವರಿಯಿಂದ ಮಾರ್ಚ್ ಕೊನೆಯೊಳಗೆ ನಿಫ್ಟಿ (50 ದೊಡ್ಡ ಕಂಪನಿಗಳ ಸೂಚ್ಯಂಕ) ಸುಮಾರು 12,400ರಿಂದ 7,500ಕ್ಕೆ ಇಳಿಯಿತು. ಅದೇ ಹೊತ್ತಲ್ಲಿ ಬ್ಯಾಂಕ್ ಷೇರುಗಳ ಸೂಚ್ಯಂಕ ಬ್ಯಾಂಕ್ ನಿಫ್ಟಿ 32,000ದ ಆಸುಪಾಸಿನಿಂದ 16,000ದ ಹತ್ತಿರ ಬಂತು, ಅರ್ಧಕ್ಕರ್ಧ. ಕೆಲಸ ನಿಂತರೆ ಜನ ಸಾಲದ ಕಂತು ಹೇಗೆ ಕಟ್ಟುತ್ತಾರೆ ಅನ್ನುವ ಭಯ. 2008ರಲ್ಲಿ ರಿಯಲ್ ಎಸ್ಟೇಟ್ ಷೇರುಗಳ ಗತಿಯೂ ಇದೇ, ಇನ್ನೂ ಕೆಟ್ಟದಾಗಿ. ಫಾರ್ಮಾ, ಎಫ್‌ಎಂಸಿಜಿ (ದಿನಬಳಕೆ ವಸ್ತುಗಳ ಕಂಪನಿಗಳು) ಬಿಟ್ಟುಬಿಡಿ. ಸೋಪು, ಮಾತ್ರೆ ಕೊಳ್ಳುವುದನ್ನು ಯಾರೂ ನಿಲ್ಲಿಸುವುದಿಲ್ಲ, ಅಲ್ವಾ?

ಈಗ ಚಾರ್ಟ್. ಚಾರ್ಟ್ ತೋರಿಸುವ ಆ್ಯಪ್ ಟ್ರೇಡಿಂಗ್‌ವ್ಯೂನಲ್ಲಿ ಬ್ಯಾಂಕ್ ನಿಫ್ಟಿ ಸಿಂಬಲ್ ಹಾಕಿ, ಪಕ್ಕದಲ್ಲಿ ಓರೆ ಗೆರೆ (/) ಹಾಕಿ ನಿಫ್ಟಿ ಸಿಂಬಲ್ ಸೇರಿಸಿ, ವಾರದ ಚಾರ್ಟ್ ನೋಡಿ. ಬ್ಯಾಂಕ್ ನಿಫ್ಟಿಯನ್ನು ನಿಫ್ಟಿಯಿಂದ ಭಾಗಿಸಿದ ಗೆರೆ ಬರುತ್ತದೆ. ನಿಫ್ಟಿ ಹೊಸ ಎತ್ತರ ಮುಟ್ಟುತ್ತಿರುವಾಗಲೇ ಚಾರ್ಟಿನ ಈ ಗೆರೆ ವಾರಗಟ್ಟಲೆ ಕೆಳಗೆ ಬಾಗುತ್ತಿದ್ದರೆ, ದೊಡ್ಡ ದುಡ್ಡು ಆ ಸೆಕ್ಟರಿನಿಂದ ಮೆಲ್ಲಗೆ ಹೊರಗೆ ಹೋಗುತ್ತಿದೆ ಅಂತಲೇ ನನ್ನ ಲೆಕ್ಕ. ರಿಯಾಲ್ಟಿ, ಮೆಟಲ್, ಆಟೋಗೂ ಹೀಗೇ ಮಾಡಿ. ಸಾಲವೂ ಜಾಸ್ತಿ, ಗೆರೆಯೂ ಕೆಳಗೆ, ಎರಡೂ ಸೇರಿದ್ದನ್ನೇ ಆರಿಸಿ.

ಮಂಡ್ಯ ಕಡೆಯವರು ಸಕ್ಕರೆ ಷೇರು ಶಾರ್ಟ್ ಮಾಡೋಣ್ವಾ ಅಂತ ಕೇಳುತ್ತಾರೆ, ಕಬ್ಬು ಕಣ್ಣೆದುರೇ ಬೆಳೆಯುತ್ತದಲ್ಲ. ಬೇಡ. ಅದು ಮಾರ್ಕೆಟ್ ಮಾತಿಗಿಂತ ದೆಹಲಿಯ ಮಾತು ಕೇಳುವ ಸೆಕ್ಟರ್. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದನ್ನು ತಡೆಯಿತು, ನಿಫ್ಟಿ ಏರುತ್ತಿದ್ದರೂ ಸಕ್ಕರೆ ಷೇರು ಬಿದ್ದವು. ಹತ್ತು ದಿನದೊಳಗೆ ಆದೇಶ ಸಡಿಲವೂ ಆಯಿತು. ಇದನ್ನು ಯಾವ ಚಾರ್ಟ್ ಹೇಳುತ್ತದೆ?

ಕ್ಯಾಷ್‌ನಲ್ಲಿ (ಮಾಮೂಲಿ ಷೇರು ವಹಿವಾಟಿನಲ್ಲಿ) ಶಾರ್ಟ್ ಮಾಡಿದರೆ ಅವತ್ತೇ ವಾಪಸ್ ಕೊಂಡು ಮುಚ್ಚಬೇಕು. ರಾತ್ರಿ ದಾಟಿಸಲು ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಅಥವಾ ಪುಟ್ (ನಿಗದಿತ ಬೆಲೆಗೆ ಮಾರುವ ಹಕ್ಕು) ಬೇಕು. ಷೇರಿನ ಫ್ಯೂಚರ್ಸ್ ಎಕ್ಸ್‌ಪೈರಿ (ಒಪ್ಪಂದ ಮುಗಿಯುವ ದಿನ) ತನಕ ಹಿಡಿದರೆ ಷೇರನ್ನೇ ಕೊಡಬೇಕಾಗುತ್ತದೆ, ಅದಕ್ಕೆ ಮೊದಲೇ ಹೊರಬನ್ನಿ. ಹೊಸಬರಿಗೆ ಪುಟ್ ಕೊಳ್ಳುವುದೇ ಸರಿ, ಹೋದರೆ ಅದಕ್ಕೆ ಕೊಟ್ಟ ಬೆಲೆ, ಅಂದರೆ ಪ್ರೀಮಿಯಂ ಅಷ್ಟೇ. ಮಾರ್ಕೆಟ್ ಶಾಂತವಾಗಿದ್ದಾಗಲೇ ಕೊಳ್ಳಿ, ಗಾಬರಿ ಶುರುವಾದ ಮೇಲೆ ಅದರ ಬೆಲೆ ಸುಮ್ನೆ ಏರಿರುತ್ತದೆ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಲೆಕ್ಕದಲ್ಲಿ ಮೂರು ಹಣಕಾಸು ವರ್ಷಗಳಲ್ಲಿ, 2024ರ ಮಾರ್ಚ್ ತನಕ, ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಪುಟ್‌ನಂಥ ಆಪ್ಷನ್ಸ್) ಮಾಡಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ. ಮನೆ ಖರ್ಚಿನ ದುಡ್ಡು ಇದಕ್ಕೆ ಹಾಕಲೇಬೇಡಿ.

2009ರ ಮೇ 18ರಂದು, ಚುನಾವಣಾ ಫಲಿತಾಂಶದ ಮಾರನೆಯ ವಹಿವಾಟಿನಲ್ಲಿ, ಮಾರ್ಕೆಟ್ ತೆರೆದ ಕೂಡಲೇ ಅಪ್ಪರ್ ಸರ್ಕ್ಯೂಟ್ ಬಿತ್ತು (ಏರಿಕೆಯ ಮಿತಿ ಮುಟ್ಟಿ ವಹಿವಾಟೇ ನಿಂತಿತು), ಶಾರ್ಟ್ ಮಾಡಿದವರಿಗೆ ಹೊರಬರಲು ದಾರಿಯೇ ಇರಲಿಲ್ಲ. ಫಲಿತಾಂಶ, ಬಜೆಟ್, ಆರ್‌ಬಿಐ ಪಾಲಿಸಿ ಇದ್ದರೆ ಹಿಂದಿನ ದಿನ ಮೂರೂವರೆಯೊಳಗೆ ಫ್ಯೂಚರ್ಸ್ ಮುಚ್ಚಿ, ಪುಟ್ ಮಾತ್ರ ಇಟ್ಟುಕೊಳ್ಳಿ.