ಎರೆ ಮಣ್ಣಿನ ಅಂಗಳದಲ್ಲಿ ಡೇಲಿಲಿ: ಕೊಳ್ಳುವಾಗ ನೋಡಬೇಕಾದ್ದು, ನೆಡುವಾಗ ಮಾಡಬೇಕಾದ್ದು

ಡೇಲಿಲಿ ಹೂವಿನ ಆಯುಷ್ಯ ಒಂದೇ ದಿನ. ಬೆಳಿಗ್ಗೆ ಅರಳಿದ್ದು ರಾತ್ರಿಯೊಳಗೆ ಮುದುಡಿ ಹೋಗುತ್ತದೆ. ಆದರೆ ಬೇರು ಹಿಡಿದ ಗಿಡದ ಒಂದು ಹೂದಂಟಿನಲ್ಲಿ 12ರಿಂದ 20 ಮೊಗ್ಗು ಇರುತ್ತವೆ. ಅವು ಸರದಿಯಲ್ಲಿ ಅರಳುವುದರಿಂದ ಮೂರು ನಾಲ್ಕು ವಾರ ಅಂಗಳಕ್ಕೆ ಹೂವಿನ ಬರವಿಲ್ಲ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇದು ನಿಲ್ಲುವುದಿಲ್ಲ ಎನ್ನುವವರು ಬಿಸಿಲನ್ನು ದೂರುತ್ತಾರೆ. ಬಿಸಿಲಿಗೆ ಗಿಡ ಸೊರಗುತ್ತದೆ, ಸಾಯುವುದು ಕಡಿಮೆ. ಸಾಯಿಸುವುದು ಹೆಚ್ಚಾಗಿ ಎರಡು: ನಮ್ಮ ಹವೆಗೆ ಒಗ್ಗದ ತಳಿ ಮತ್ತು ನೀರು ನಿಲ್ಲುವ ನೆಲ.

ಮೊದಲು ಕೊಳ್ಳುವ ವಿಚಾರ

ನರ್ಸರಿಯಲ್ಲಿ ‘ಲಿಲ್ಲಿ’ ಎಂದು ಕೇಳಿದರೆ ರೇನ್ ಲಿಲಿ, ಸ್ಪೈಡರ್ ಲಿಲಿ, ಅಮರಿಲಿಸ್ ಯಾವುದೂ ಕೈಗೆ ಬರಬಹುದು. ಪರೀಕ್ಷೆ ಸುಲಭ. ಅವುಗಳಿಗೆಲ್ಲ ಈರುಳ್ಳಿಯಂಥ ಗಡ್ಡೆ ಇದೆ, ಡೇಲಿಲಿಗೆ ಇಲ್ಲ. ಇದರ ಬೇರುಗಳೇ ದಪ್ಪ, ಅಲ್ಲಲ್ಲಿ ಉಬ್ಬಿರುತ್ತವೆ. ಎಲೆಗಳು ಎದುರುಬದುರಾಗಿ ಬೀಸಣಿಗೆಯ ಹಾಗೆ ಹರಡುತ್ತವೆ. ಅಂಥ ಒಂದು ಎಲೆಗುಂಪನ್ನೇ ಮಾರುವವರು ‘ಫ್ಯಾನ್’ ಎನ್ನುವುದು. ‘ಡೇಲಿಲಿ ಗಡ್ಡೆ’ ಎಂದು ಆನ್‌ಲೈನ್‌ನಲ್ಲಿ ದುಂಡನೆಯ ಗಡ್ಡೆಯ ಫೋಟೊ ಹಾಕಿದ್ದರೆ ಅಲ್ಲಿಗೇ ಬಿಡಿ. ನೀಲಿ ಹೂವಿನ ಫೋಟೊ ಕಂಡರೂ ಅಷ್ಟೆ: ನೋಂದಾಯಿತ ತಳಿಗಳು ಎಂಬತ್ತು ಸಾವಿರ ದಾಟಿದ್ದರೂ ಅಪ್ಪಟ ನೀಲಿ ಡೇಲಿಲಿ ಇನ್ನೂ ಹುಟ್ಟಿಲ್ಲ. ಹೆಸರಾಂತ ತಳಿಯ ಬೀಜ ಎಂದು ಮಾರುವ ಪೊಟ್ಟಣವೂ ಬೇಡ. ಬೀಜದ ಸಸಿ ತಾಯಿಯ ಬಣ್ಣವನ್ನೇ ಕೊಡುವುದಿಲ್ಲ, ಹೂ ಬಿಡಲು ಎರಡು ಮೂರು ವರ್ಷವೂ ಬೇಕು.

ಇನ್ನು ತಳಿ. ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗಿಸಿ ಮಲಗುವ ತಳಿಗಳಿಗೆ ಗಟ್ಟಿ ಚಳಿ ಬೇಕು. ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ? ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ವಾಸಿ, ಅದೂ ಸಾಲದು. ಇಂಥ ಗಿಡ ಮೊದಲ ವರ್ಷ ತಂದ ಬಲದಲ್ಲಿ ಹೂ ಬಿಟ್ಟು, ಆಮೇಲೆ ವರ್ಷ ವರ್ಷ ಕ್ಷೀಣಿಸುತ್ತದೆ. ಎವರ್‌ಗ್ರೀನ್ ಅಥವಾ ಸೆಮಿ ಎವರ್‌ಗ್ರೀನ್ ತಳಿಯನ್ನೇ ಕೇಳಿ. ಮಾರುವವರಿಗೆ ಗೊತ್ತಿಲ್ಲದಿದ್ದರೆ ಡಿಸೆಂಬರ್‌ನಲ್ಲಿ ಹೋಗಿ, ಹಸಿರೆಲೆ ಇರುವ ಗಿಡವನ್ನು ಆರಿಸಿ. 1975ರ ‘ಸ್ಟೆಲ್ಲಾ ಡಿ ಓರೊ’ ಜಗತ್ತಿನಲ್ಲೆಲ್ಲ ಹೆಸರು ಮಾಡಿದ ಹಳದಿ ತಳಿ, ಆದರೆ ಅದು ಮಲಗುವ ಜಾತಿ, ಹೆಸರಿಗೆ ಮರುಳಾಗಬೇಡಿ. ಕಡುಗೆಂಪು, ನೇರಳೆ ಹೂಗಳು ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಬೆಂದಂತಾಗುತ್ತವೆ. ಹಳದಿ, ಕಿತ್ತಳೆ, ಪೀಚ್ ತಾಳಿಕೊಳ್ಳುತ್ತವೆ. ಒಂಟಿ ಫ್ಯಾನ್ ಅಗ್ಗ ನಿಜ, ಆದರೆ ಎರಡು ಮೂರು ಫ್ಯಾನ್ ಕೂಡಿಯೇ ಇರುವ ಗಿಡ ಬೇಗ ಹೂವಿಗೆ ಬರುತ್ತದೆ. ಬುಡವನ್ನು ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬೇಡ.

ನೆಲ

ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ನಾಲ್ಕು ತಾಸಾದರೂ ನೀರು ನಿಂತಿದ್ದರೆ ಅಲ್ಲಿ ನೇರವಾಗಿ ನೆಡುವಂತಿಲ್ಲ. ಕಲಬುರಗಿ, ಯಾದಗಿರಿಯ ಎರೆ ನೆಲದಲ್ಲಿ ಬಹುಪಾಲು ಹೀಗೇ ಆಗುತ್ತದೆ. ಅಲ್ಲಿ 9ರಿಂದ 12 ಇಂಚು ಎತ್ತರದ ಏರುಮಡಿ ಕಟ್ಟಬೇಕು. ಒಂದು ಬುಟ್ಟಿ ಎರೆ ಮಣ್ಣಿಗೆ ಎರಡು ಬುಟ್ಟಿ ಗರಸು ಅಥವಾ ಕೆಂಪು ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು. ಎರೆ ಮಣ್ಣಿಗೆ ಬರೀ ಸಣ್ಣ ಮರಳನ್ನು ಸ್ವಲ್ಪ ಬೆರೆಸುವ ರೂಢಿ ಇದೆ, ಅದು ಒಣಗಿದಾಗ ಇಟ್ಟಿಗೆಯಾಗುತ್ತದೆ. ಮಡಿಯ ಅಂಚಿಗೆ ಶಹಾಬಾದ್ ಕಲ್ಲು ನಿಲ್ಲಿಸುವುದಾದರೆ ಬುಡದಲ್ಲಿ ನೀರು ಹೋಗಲು ಸಂದು ಬಿಡಿ, ಗಿಡವನ್ನು ಕಲ್ಲಿಗೆ ಒತ್ತಿ ನೆಡಬೇಡಿ. ಕಾದ ಕಲ್ಲು ರಾತ್ರಿಯವರೆಗೂ ಬಿಸಿ ಬಿಡುತ್ತಿರುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಸಮಸ್ಯೆ ತಿರುಗುಮುರುಗು: ನೀರು ಸರಸರ ಇಳಿದುಹೋಗುತ್ತದೆ. ಅಲ್ಲಿ ಮಡಿ ಬೇಡ, ಗೊಬ್ಬರ ಎರಡು ಪಟ್ಟು ಹಾಕಿ.

ನೆಡುವುದು

ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆ ಸರಿಯಾದ ಕಾಲ. ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಗಿಡ ಕೂರಿಸಿ ಬೇರುಗಳನ್ನು ಸುತ್ತಲೂ ಇಳಿಬಿಡಿ. ಎಲೆಯೂ ಬೇರೂ ಕೂಡುವ ಬಿಳಿ ಭಾಗ ಮಣ್ಣಿನಿಂದ ಒಂದು ಇಂಚಿಗಿಂತ ಕೆಳಗೆ ಹೋಗಕೂಡದು. ಆಳಕ್ಕೆ ಹೂತರೆ ಹೂ ಕಡಿಮೆ, ಕೊಳೆ ಜಾಸ್ತಿ. ಎಲೆಯನ್ನು ಆರು ಇಂಚಿಗೆ ಕತ್ತರಿಸಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರ, ಬೆಳಗಿನ ಐದಾರು ತಾಸು ಬಿಸಿಲು, ಮಧ್ಯಾಹ್ನ ನೆರಳು ಇರಲಿ. ಕುಂಡವಾದರೆ 12 ಇಂಚಿನ ಮಣ್ಣಿನ ಕುಂಡ. ಕಪ್ಪು ಪ್ಲಾಸ್ಟಿಕ್‌ನದು ಬೇಸಿಗೆಯಲ್ಲಿ ಬೇರನ್ನು ಬೇಯಿಸುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಇದರ ಗೊಡವೆಯೇ ಬೇಡ. ಎಲೆ, ಹೂವು ಯಾವುದನ್ನು ಕಡಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಆಮೇಲಿನ ಕಾಟ

ಮೇಲಿನ ಎರಡು ಇಂಚು ಮಣ್ಣು ಒಣಗಿದಾಗ ಬುಡಕ್ಕೆ ನೀರು ಕೊಡಿ, ಫ್ಯಾನ್ ನಡುವೆ ಸುರಿಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಬಿದ್ದಿರುವ ಪೈಪಿನ ಮೊದಲ ನೀರು ಕಾದಿರುತ್ತದೆ. ಅದನ್ನು ಬೇರೆಡೆ ಹರಿಸಿ ಆಮೇಲೆ ಗಿಡಕ್ಕೆ ಹಿಡಿಯಿರಿ. ಬುಡದ ಸುತ್ತ ತೊಗರಿ ಹೊಟ್ಟು ಅಥವಾ ಕತ್ತರಿಸಿದ ಜೋಳದ ಕಣಿಕೆ ಎರಡು ಇಂಚು ಹೊದಿಸಿ, ಗಿಡಕ್ಕೆ ತಾಗದಂತೆ. ಆ ಎರಡು ತಿಂಗಳು ಎಲೆತುದಿ ಕಂದಾಗುತ್ತದೆ, ಮೊಗ್ಗು ಅರಳದೆ ಉದುರುತ್ತದೆ. ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಗಿಡ ಉಸಿರು ಹಿಡಿದು ಕುಳಿತಿದೆ ಅಷ್ಟೆ. ಗೊಬ್ಬರದ ಕಾಲ ಜನವರಿ ಕೊನೆ ಮತ್ತು ಮಳೆ ಹಿಡಿದ ಮೇಲೆ: ಗಿಡಕ್ಕೆ ಅರ್ಧ ಕಿಲೊ ಎರೆಗೊಬ್ಬರ, 50 ಗ್ರಾಂ ಬೇವಿನ ಹಿಂಡಿ. ಯೂರಿಯಾ ಕೊಟ್ಟರೆ ಎಲೆಯೇ ಎಲೆ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣು, ಗಡಸು ಬೋರ್ ನೀರು ಎರಡೂ ಕಬ್ಬಿಣವನ್ನು ಬೇರಿಗೆ ಸಿಗದಂತೆ ಮಾಡುತ್ತವೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ.

ಮಳೆಗಾಲದಲ್ಲಿ ನಡುವಿನ ಎಲೆ ಹಿಡಿದೆಳೆದರೆ ಕಿತ್ತು ಬಂದು ಕೊಳೆತ ವಾಸನೆ ಬಂದರೆ ಬುಡ ಕೊಳೆ. ತಡಮಾಡದೆ ಅಗೆದು ತೊಳೆದು, ಗಟ್ಟಿ ಬಿಳಿ ಭಾಗ ಸಿಗುವವರೆಗೆ ಕೊಯ್ದು, ಲೀಟರ್‌ಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರಿನಲ್ಲಿ ಕಾಲು ತಾಸು ಅದ್ದಿ. ಎರಡು ದಿನ ನೆರಳಲ್ಲಿ ಒಣಗಿಸಿ ಬೇರೆ ಜಾಗದಲ್ಲಿ ನೆಡಿ. ಎಲ್ಲವೂ ಬದುಕುವುದಿಲ್ಲ. ಎಲೆಯ ಕೆಳಗೆ ಕಿತ್ತಳೆ ಪುಡಿ ಕೈಗೆ ಅಂಟಿದರೆ ಅದು ತುಕ್ಕು ರೋಗ. ಆ ಎಲೆಗಳನ್ನು ಕತ್ತರಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಮೂರು ನಾಲ್ಕು ವರ್ಷಕ್ಕೆ ಗಿಡ ಕಿಕ್ಕಿರಿದು ಹೂ ಇಳಿಮುಖವಾಗುತ್ತದೆ. ಅಕ್ಟೋಬರ್‌ನಲ್ಲಿ ಇಡೀ ಬುಡ ಅಗೆದು, ಮಣ್ಣು ತೊಳೆದು, ಎರಡು ಮೂರು ಫ್ಯಾನ್‌ನ ತುಂಡುಗಳಾಗಿ ಬಿಡಿಸಿ. ಹೊರಸುತ್ತಿನ ತುಂಡುಗಳೇ ಗಟ್ಟಿಮುಟ್ಟು. ನಡುವಿನ ಹಳೆಯ ಭಾಗವನ್ನು ಎಸೆಯಬಹುದು. ಕೊಯ್ದ ಗಾಯ ಒಂದು ದಿನ ಆರಿದ ಮೇಲೆ ನೆಡಿ. ಹೂದಂಟಿನ ಗಿಣ್ಣಿನಲ್ಲಿ ಒಮ್ಮೊಮ್ಮೆ ಪುಟ್ಟ ಮರಿಗಿಡ ಮೂಡುತ್ತದೆ; ಅದನ್ನು ಎರಡು ಇಂಚು ದಂಟಿನ ಸಮೇತ ಕತ್ತರಿಸಿ ಕುಂಡದಲ್ಲಿ ಊರಿದರೆ ತಾಯಿಯ ಬಣ್ಣವೇ ಬರುತ್ತದೆ, ಕಾಸೂ ಖರ್ಚಿಲ್ಲ.