ನನ್ನ ವಾರ ಈಗ ಸೋಮವಾರ ಶುರುವಾಗುತ್ತದೆ

ದಾವಣಗೆರೆಯಲ್ಲಿದ್ದು ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ಬಿಡುವುದು ಕಷ್ಟ. ನಾನು ಮದುವೆಯಾಗಿ ಬಂದಾಗಿನಿಂದಲೂ ನಮ್ಮ ಮನೆಯಲ್ಲಿ ಭಾನುವಾರ ಬೆಳಗಿನ ತಿಂಡಿ ಮಾಡುವುದಿಲ್ಲ. ಎಲ್ಲರೂ ಹೊರಗೆ ಹೋಗಿ ದೋಸೆ ತಿಂದು ಬರುತ್ತೇವೆ. ತೂಕ ಇಳಿಸಲು ಹೊರಟಾಗ ನಾನು ಪ್ರತಿ ಸಲ ಸೋಲುತ್ತಿದ್ದದ್ದೂ ಅದೇ ಭಾನುವಾರ.

ಶುರು ಮಾಡಿದಾಗ ನನಗೆ 44 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 74 ಕೆ.ಜಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹತ್ತನೇ ತರಗತಿ ಇರುವುದು ಎರಡನೇ ಮಹಡಿಯಲ್ಲಿ. ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತಿತ್ತು. ಇನ್ನು ಸುಮ್ನೆ ಕೂತರೆ ಆಗುವುದಿಲ್ಲ ಅನ್ನಿಸಿದ್ದು ಆಗಲೇ.

ಮೊದಲು ದಿನಕ್ಕೆ 1,500 ಕ್ಯಾಲೊರಿ ಎಂದು ಗೆರೆ ಎಳೆದುಕೊಂಡೆ. ಆರು ದಿನ ಚೆನ್ನಾಗಿ ನಡೆಯುತ್ತಿತ್ತು. ಭಾನುವಾರ ಎರಡು ದೋಸೆ ತಿಂದ ಕೂಡಲೇ ‘ಇವತ್ತಿನದು ಕೆಟ್ಟಿತು’ ಅನ್ನಿಸುತ್ತಿತ್ತು. ಹೇಗೂ ಕೆಟ್ಟಿತಲ್ಲ ಅಂತ ಸಂಜೆ ಮಿರ್ಚಿ ಮಂಡಕ್ಕಿಯೂ ಆಗುತ್ತಿತ್ತು, ರಾತ್ರಿ ಪಾಯಸವೂ ಆಗುತ್ತಿತ್ತು. ತಪ್ಪು ದೋಸೆಯದ್ದಲ್ಲ, ದಿನದ ಗೆರೆಯದ್ದು ಎಂದು ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು. ದೇಹ ರಾತ್ರಿ ಹನ್ನೆರಡಕ್ಕೆ ಲೆಕ್ಕದ ಪುಸ್ತಕ ಮುಚ್ಚುವುದಿಲ್ಲ ಅಲ್ವಾ?

ಹಾಗಾಗಿ ವಾರದ ಲೆಕ್ಕ ಹಾಕಿದೆ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಬೇಕು. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಬೇಕು. ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ಇದು 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ನನಗೆ ಸುಮಾರು 1,346 ಬಂತು. ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು ಅಷ್ಟು. ನನ್ನಷ್ಟು ಓಡಾಟ ಇರುವವರು ಅದನ್ನು 1.375ರಿಂದ ಗುಣಿಸಿದರೆ ಸರಿ. ಹತ್ತಿರ ಹತ್ತಿರ 1,850 ಆಯಿತು, ವಾರಕ್ಕೆ 12,950. ನಾನು ವಾರಕ್ಕೆ 10,500 ಇಟ್ಟುಕೊಂಡೆ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು. ಆ ಲೆಕ್ಕದಲ್ಲಿ ವಾರಕ್ಕೆ 300 ಗ್ರಾಂ ಮೇಲೆ ಇಳಿಯಬೇಕು. ನಿಧಾನವೇ, ಆದರೆ ಶಾಲೆಯ ಕೆಲಸ, ಮನೆ ಕೆಲಸ ಮಾಡಿಕೊಂಡು ನನ್ನಿಂದ ಆಗುವಷ್ಟು.

ಆದರೂ ಮೊದಲ ತಿಂಗಳು ಎಡವಿದೆ. ಕ್ಯಾಲೆಂಡರಿನಲ್ಲಿ ಇದ್ದ ಹಾಗೆ ವಾರವನ್ನು ಭಾನುವಾರದಿಂದ ಎಣಿಸಿದ್ದೆ. ಅಂದರೆ ಮೊದಲು ಖರ್ಚು, ಆಮೇಲೆ ಆರು ದಿನ ತೀರಿಸುವುದು. ಒಂದು ಭಾನುವಾರ ನೆಂಟರ ಮದುವೆ ಇತ್ತು. ಅಂದಾಜು 2,800 ಆಯಿತು, ನನ್ನ ಗೆರೆಗಿಂತ 1,300 ಜಾಸ್ತಿ. ಎರಡೇ ದಿನದಲ್ಲಿ ತೀರಿಸಿಬಿಡೋಣ ಅಂತ ಸೋಮವಾರ, ಮಂಗಳವಾರ 850ಕ್ಕೆ ಇಳಿದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೇ ತಲೆನೋವು. ಸಂಜೆ ಮಕ್ಕಳ ಮೇಲೆ ಸುಮ್ಮನೆ ರೇಗಿದೆ. ರಾತ್ರಿ ಹತ್ತೂವರೆಗೆ ಅಡುಗೆಮನೆಯಲ್ಲಿ ನಿಂತು ಶೇಂಗಾ ಉಂಡೆಯ ಡಬ್ಬಿ ತೆಗೆದವಳು, ಮೂರು ಉಂಡೆ ಮುಗಿಯುವವರೆಗೆ ಮುಚ್ಚಲಿಲ್ಲ. ತೀರಿಸಲು ಹೋದ ಸಾಲ ಹಾಗೇ ಉಳಿಯಿತು.

ಆಮೇಲೆ ಮಾಡಿದ ಬದಲಾವಣೆ ಒಂದೇ. ವಾರವನ್ನು ಸೋಮವಾರ ಶುರು ಮಾಡಿದೆ. ಈಗ ಉಳಿತಾಯ ಮೊದಲು, ಖರ್ಚು ಕೊನೆಗೆ. ಸೋಮವಾರದಿಂದ ಶುಕ್ರವಾರದವರೆಗೆ 1,380, ಶನಿವಾರ 1,600, ಭಾನುವಾರ 2,000. ಕೂಡಿಸಿದರೆ ಸರಿಯಾಗಿ 10,500. ಗುರುವಾರ ಸಂಜೆ ಸ್ಟಾಫ್ ರೂಮಿಗೆ ಯಾರೋ ಖಾರಾ ಬೂಂದಿ ತಂದರೆ, ‘ಇದು ನನ್ನ ಭಾನುವಾರದ ದೋಸೆ’ ಎಂದು ನೆನಪಾಗುತ್ತದೆ. ಕೈ ತಾನಾಗಿ ಹಿಂದೆ ಬರುತ್ತದೆ. ತೀರಿಸಬೇಕಾದ ಸಾಲ ತಲೆಯ ಮೇಲಿದ್ದಾಗ ಹೀಗೆ ಆಗುತ್ತಿರಲಿಲ್ಲ.

ಅದರ ಜೊತೆಗೆ ಎರಡು ಕಟ್ಟು ಹಾಕಿಕೊಂಡೆ. ಯಾವ ದಿನವೂ 1,200ಕ್ಕಿಂತ ಕೆಳಗೆ ಹೋಗುವುದಿಲ್ಲ. ಭಾನುವಾರ ಮುಗಿದಾಗ ಎಷ್ಟೇ ಜಾಸ್ತಿ ಆಗಿರಲಿ, ಸೋಮವಾರಕ್ಕೆ ಹಳೆ ಬಾಕಿ ಇಲ್ಲ. ಉಳಿದದ್ದೂ ಮುಂದಿನ ವಾರಕ್ಕೆ ಹೋಗುವುದಿಲ್ಲ.

ಕೆಲಸದ ದಿನ 1,380 ಎಂದರೆ ಹೊಟ್ಟೆ ಕಟ್ಟಿದ ಹಾಗಲ್ಲ. ಬೆಳಗ್ಗೆ 300, ಮಧ್ಯಾಹ್ನ 420, ಸಂಜೆ 150, ರಾತ್ರಿ 400, ಎರಡು ಲೋಟ ಚಹಾಕ್ಕೆ 110. ರಾತ್ರಿ ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಒಂದು ಲೋಟ ಮಜ್ಜಿಗೆ. ನಮ್ಮ ರೊಟ್ಟಿಗೆ 40 ಗ್ರಾಂ ಹಿಟ್ಟು ಹಿಡಿಯುತ್ತದೆ, ಎಣ್ಣೆ ಬೇಡ. ಒಂದಕ್ಕೆ 135 ಕ್ಯಾಲೊರಿ. ಕಾಳು, ಮೊಸರು, ಮೊಟ್ಟೆಯನ್ನು ನಾನು ಯಾವ ದಿನವೂ ಕಡಿಮೆ ಮಾಡುವುದಿಲ್ಲ. ಹೆಚ್ಚು ಕಡಿಮೆ ಮಾಡುವುದೇನಿದ್ದರೂ ಅನ್ನ, ಎಣ್ಣೆ, ಸಿಹಿಯಲ್ಲಿ. ಕಾಳು ಕಡಿಮೆಯಾದ ದಿನ ನಾಲ್ಕು ಗಂಟೆಗೇ ಹಸಿವಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಅಂಕಿಗಳನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಕೋಷ್ಟಕದಿಂದ ತೆಗೆದುಕೊಂಡೆ. ನಮ್ಮ ಜೋಳ, ರಾಗಿ, ಕಾಳು, ಸೊಪ್ಪು ಎಲ್ಲಾ ಅದರಲ್ಲಿವೆ. ಒಂದೇ ಎಚ್ಚರಿಕೆ, ಅಲ್ಲಿ ಶಕ್ತಿಯನ್ನು ಕಿಲೊಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ. 100 ಗ್ರಾಂ ರಾಗಿಗೆ ಸುಮಾರು 320, ಹಸಿ ಅಕ್ಕಿಗೆ ಸುಮಾರು 355. ಅಡುಗೆ ಆದ ಮೇಲೆ ತೂಗಿ ಅಕ್ಕಿಯ ಅಂಕಿ ಹಾಕಿದರೆ ಲೆಕ್ಕ ಪೂರಾ ತಪ್ಪುತ್ತದೆ. ಹೋಟೆಲಿನ ಬೆಣ್ಣೆಯನ್ನು ತೂಗಲು ಆಗುವುದಿಲ್ಲ. ಅದಕ್ಕೆ ಎರಡು ದೋಸೆ, ಪಲ್ಯ, ಚಟ್ನಿ ಎಲ್ಲಾ ಸೇರಿ 800 ಎಂದು ಸ್ವಲ್ಪ ಜಾಸ್ತಿಯೇ ಹಿಡಿಯುತ್ತೇನೆ.

ಎಣ್ಣೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಒಗ್ಗರಣೆಗೆ ‘ಒಂದು ಚಮಚ’ ಹಾಕುತ್ತೇನೆ ಎಂದೇ ನಾನು ನಂಬಿದ್ದೆ. ಒಂದು ದಿನ ಎಣ್ಣೆಯ ಗಿಂಡಿಯನ್ನು ಒಗ್ಗರಣೆಗೆ ಮೊದಲು ತಕ್ಕಡಿಯ ಮೇಲಿಟ್ಟೆ, ಆದ ಮೇಲೆ ಮತ್ತೆ ಇಟ್ಟೆ. 31 ಗ್ರಾಂ ಕಡಿಮೆಯಾಗಿತ್ತು. ಒಂದು ಪಲ್ಯಕ್ಕೇ 280 ಕ್ಯಾಲೊರಿ. ಆಮೇಲೆ ತಿಂಗಳ ಲೆಕ್ಕ ನೋಡಿದೆ. ನಾಲ್ಕು ಜನಕ್ಕೆ ಐದು ಲೀಟರ್ ಕ್ಯಾನ್ ಮುಗಿಯುತ್ತಿತ್ತು. ಒಬ್ಬೊಬ್ಬರಿಗೆ ದಿನಕ್ಕೆ 340 ಕ್ಯಾಲೊರಿ ಬರೀ ಎಣ್ಣೆಯಿಂದ. ಈಗ ಮೂರು ಲೀಟರಿನಲ್ಲಿ ತಿಂಗಳು ಕಳೆಯುತ್ತದೆ. ಅಷ್ಟರಿಂದಲೇ ತಲಾ 135 ಉಳಿಯಿತು. ರುಚಿ ಕೆಟ್ಟಿತು ಅಂತ ಮನೆಯಲ್ಲಿ ಯಾರೂ ಅನ್ನಲಿಲ್ಲ.

ನಮ್ಮತ್ತೆ ಶನಿವಾರ ಒಪ್ಪತ್ತು ಮಾಡುತ್ತಾರೆ. ನಾನೂ ಅವರ ಜೊತೆ ಒಪ್ಪತ್ತು ಮಾಡಿ ಉಳಿಸೋಣ ಅಂದುಕೊಂಡು ಕೆಲವು ವಾರ ನೋಡಿದೆ. ಆದರೆ ರಾತ್ರಿಯ ಫಲಾಹಾರಕ್ಕೆ ಮಾಡುವ ಸಾಬೂದಾನಿ ಉಪ್ಪಿಟ್ಟಿನಲ್ಲಿ ಸಾಬೂದಾನಿ, ಶೇಂಗಾ, ತುಪ್ಪ ಮೂರೂ ಗಟ್ಟಿ ಪದಾರ್ಥಗಳೇ. ತೂಗಿ ನೋಡಿದರೆ ಒಂದು ತಟ್ಟೆ 550ರ ಮೇಲೆ, ನನ್ನ ಮಾಮೂಲಿ ರಾತ್ರಿ ಊಟಕ್ಕಿಂತ ಜಾಸ್ತಿ. ಅತ್ತೆಯದ್ದು ದೇವರಿಗೆ, ಅದು ಹಾಗೇ ನಡೆಯಲಿ. ನಾನು ಶನಿವಾರವೂ ರೊಟ್ಟಿಯನ್ನೇ ತಿನ್ನುತ್ತೇನೆ.

ಯುಗಾದಿ ವಾರದ ಮಧ್ಯೆ ಬಂತು. ಹೋಳಿಗೆ ಬಿಡುವ ಪ್ರಶ್ನೆಯೇ ಇಲ್ಲ. ಆ ವಾರಕ್ಕೆ 10,500ರ ಬದಲು 11,500 ಇಟ್ಟುಕೊಂಡೆ. ಆಗಲೂ 12,950ಕ್ಕಿಂತ ಕೆಳಗೇ ಇದೆಯಲ್ಲ, ತೂಕ ಏರುವ ಮಾತಿಲ್ಲ. ಆದರೆ ಹಬ್ಬದ ಮರುದಿನ ತಕ್ಕಡಿ 1.4 ಕೆ.ಜಿ. ಜಾಸ್ತಿ ತೋರಿಸಿತು. ಮೊದಲಾಗಿದ್ದರೆ ಅಳುತ್ತಿದ್ದೆ. 1.4 ಕೆ.ಜಿ. ಕೊಬ್ಬು ಸೇರಬೇಕಾದರೆ ಬೇಕಾದದ್ದಕ್ಕಿಂತ 10,780 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಒಂದು ದಿನದಲ್ಲಿ ಅದು ಆಗದ ಮಾತು. ಸಿಹಿ, ಅನ್ನ ಜಾಸ್ತಿಯಾದಾಗ ದೇಹ ಅದನ್ನು ಗ್ಲೈಕೊಜನ್ ಮಾಡಿ ಇಟ್ಟುಕೊಳ್ಳುತ್ತದೆ. ಪ್ರತಿ ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ಉಪ್ಪು ಜಾಸ್ತಿಯಾದರೆ ಇನ್ನಷ್ಟು ನೀರು. ನಾಲ್ಕನೇ ದಿನ ತಕ್ಕಡಿ ಹಳೆಯ ಜಾಗಕ್ಕೇ ಬಂತು. ಅಂದಿನಿಂದ ಒಂದೊಂದು ದಿನದ ತೂಕಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಏಳು ದಿನದ ಸರಾಸರಿ ಬರೆದಿಡುತ್ತೇನೆ, ಅಷ್ಟೇ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮಕ್ಕ ನನ್ನನ್ನು ನೋಡಿ ತಾನೂ ಶುರು ಮಾಡಿದಳು. ಅವಳು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾಳೆ. ಊಟ ಕಡಿಮೆ ಮಾಡಿದ ದಿನವೂ ಮಾತ್ರೆ ಅಷ್ಟೇ ನುಂಗಿದಳು. ಸಂಜೆ ಕೈ ನಡುಗಿ, ಬೆವರಿ, ಮಂಚದ ಮೇಲೆ ಕುಸಿದು ಕೂತಳು. ಸಕ್ಕರೆ ನೀರು ಕೊಟ್ಟ ಮೇಲೆ ಸುಧಾರಿಸಿಕೊಂಡಳು. ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ಜೊತೆ ಹೀಗೆ ದಿನಕ್ಕೊಂದು ಅಳತೆ ತಿನ್ನುವುದು ಅಪಾಯ. ಈಗ ಅವಳ ಡಾಕ್ಟರು ಹೇಳಿದಂತೆ ದಿನಾ ಒಂದೇ ಸಮ ತಿನ್ನುತ್ತಾಳೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರಂತೂ ಈ ಲೆಕ್ಕಕ್ಕೆ ಕೈ ಹಾಕಲೇಬಾರದು.

ಏಳು ತಿಂಗಳಲ್ಲಿ 74ರಿಂದ 68ಕ್ಕೆ ಬಂದೆ. ಕಾಗದದ ಲೆಕ್ಕದ ಪ್ರಕಾರ ಒಂಬತ್ತು ಕೆ.ಜಿ. ಆಗಬೇಕಿತ್ತು. ಅಂದಾಜಿನಲ್ಲಿ ಒಂದಷ್ಟು ತಪ್ಪಿರುತ್ತದೆ, ಮತ್ತೆ ಹಗುರಾದ ದೇಹಕ್ಕೆ ಬೇಕಾಗುವುದೂ ಕಡಿಮೆ. 68 ಕೆ.ಜಿ.ಗೆ ಸೂತ್ರ ಮತ್ತೆ ಹಾಕಿದರೆ 1,850ರ ಜಾಗದಲ್ಲಿ 1,770 ಬರುತ್ತದೆ. ಹಾಗಂತ ಊಟ ಇನ್ನೂ ಕಡಿಮೆ ಮಾಡಲಿಲ್ಲ. ಸಂಜೆ ಅರ್ಧ ಗಂಟೆ ನಡಿಗೆ ಸೇರಿಸಿದೆ. ಎರಡನೇ ಮಹಡಿಯಿಂದ ಇಳಿಯುವಾಗ ಈಗ ಕೈ ಕಂಬಿಯ ಮೇಲೆ ಹೋಗುವುದಿಲ್ಲ.

ಇವತ್ತು ಬುಧವಾರ. ಮೂರು ದಿನಕ್ಕೆ 4,110 ಆಗಿದೆ, ಇಟ್ಟುಕೊಂಡದ್ದಕ್ಕಿಂತ 30 ಕಡಿಮೆ. ಈ ಭಾನುವಾರ ತಮ್ಮನ ಮನೆಯ ಗೃಹಪ್ರವೇಶ. ಅಮ್ಮ ಫೋನಿನಲ್ಲಿ, “ಶೇಂಗಾ ಹೋಳಿಗೆ ಮಾಡಿಸ್ತಿದೀವಿ, ತಿಂತೀಯಾ ಇಲ್ವಾ ಹೇಳು” ಅಂದಳು. ಎರಡು ತಿಂತೀನಿ ಅಂತ ಹೇಳಿದ್ದೇನೆ.