ಯುರೇನಿಯಂ ಜೊತೆ ಕೆಲಸ: ದೂಳು ಮೈಯೊಳಗೆ ಹೋಗದಂತೆ ನೋಡಿಕೊಳ್ಳುವುದು ಹೇಗೆ?

ಮುಂಬೈಯಲ್ಲಿ ಯುರೇನಿಯಂ ಅಂದ ಕೂಡಲೇ ಎಲ್ಲರೂ ಟ್ರಾಂಬೆ ಕಡೆ ಕೈ ತೋರಿಸುತ್ತಾರೆ. ತಪ್ಪೇನಿಲ್ಲ, ಅಲ್ಲಿ ಯುರೇನಿಯಂ ಲೋಹ ತಯಾರಿಸುವ ಘಟಕ ಶುರುವಾಗಿದ್ದೇ 1959ರಲ್ಲಿ. ಆದರೆ ಈ ಲೋಹದ ಹತ್ತಿರ ಕೆಲಸ ಮಾಡುವವರು ಅಲ್ಲಿ ಮಾತ್ರ ಇಲ್ಲ. ಕಾರ್ಖಾನೆಗಳಲ್ಲಿ ಪೈಪಿನ ವೆಲ್ಡಿಂಗ್ ಸರಿ ಇದೆಯಾ ಅಂತ ನೋಡಲು ಹುಡುಗರು ಹೊತ್ತು ತಿರುಗುವ ಗಾಮಾ ಕ್ಯಾಮೆರಾ ಇರುತ್ತದಲ್ಲ, ಅದರೊಳಗಿನ ಇರಿಡಿಯಂ ವಿಕಿರಣ ಮೂಲವನ್ನು ಮುಚ್ಚಿಟ್ಟಿರುವ ಕವಚ ಬಹಳಷ್ಟು ಮಾದರಿಗಳಲ್ಲಿ ಡಿಪ್ಲೀಟೆಡ್ ಯುರೇನಿಯಂ, ಅಂದರೆ ಸುಲಭವಾಗಿ ಒಡೆಯುವ ಯುರೇನಿಯಂ-235 ಬಹುಪಾಲು ತೆಗೆದ ಮೇಲೆ ಉಳಿದದ್ದು. ಅಷ್ಟು ಚಿಕ್ಕ ಪೆಟ್ಟಿಗೆ ಅಷ್ಟೊಂದು ಭಾರ ಇರುವುದು ಅದಕ್ಕೇ. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಗುವ ಲೋಹ ಅದು.

ನಮ್ಮ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದು ಮುಂಬೈಯಲ್ಲಿ ಠೇಕೇದಾರರ ಕೈಕೆಳಗೆ ದುಡಿಯುವವರು ಎಷ್ಟೋ ಜನ. ಫಿಟ್ಟರ್, ಹೆಲ್ಪರ್, ಗುಡಿಸುವ ಕೆಲಸ, ಡ್ರಮ್ ಎತ್ತುವ ಕೆಲಸ, ಯಾವುದು ಸಿಕ್ಕಿದರೆ ಅದು. ಇಂಥ ಜಾಗಕ್ಕೆ ಕೆಲಸಕ್ಕೆ ಹೋಗಬೇಕಾಗಿ ಬಂದರೆ ಏನು ಕೇಳಬೇಕು, ಏನು ಮಾಡಬೇಕು, ಏನು ಮಾಡಲೇಬಾರದು ಅಂತ ಒಂದೊಂದಾಗಿ ನೋಡೋಣ.

ಮೊದಲು ಶತ್ರು ಯಾರು ಅಂತ ತಿಳಿದುಕೊಳ್ಳಿ

ಯುರೇನಿಯಂ ಹತ್ತಿರ ನಿಂತರೆ ಸಾಕು, ಕೂದಲು ಉದುರಿ ಸತ್ತೇ ಹೋಗುತ್ತೇವೆ ಅನ್ನುವ ಭಯ ಜನರಲ್ಲಿದೆ. ಅದು ಸುಮ್ನೆ. ನೈಸರ್ಗಿಕ ಯುರೇನಿಯಂ ಬಹಳ ನಿಧಾನವಾಗಿ ಕ್ಷಯಿಸುವ ವಿಕಿರಣ ವಸ್ತು. ಅದರ ಮುಖ್ಯ ಭಾಗವಾದ ಯುರೇನಿಯಂ-238 ಅರ್ಧ ಆಗಲು ಸುಮಾರು 450 ಕೋಟಿ ವರ್ಷ ಬೇಕು. ಅದು ಬಿಡುವ ಆಲ್ಫಾ ಕಣ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಹೋಗಿ ನಿಂತುಬಿಡುತ್ತದೆ. ಒಂದು ಹಾಳೆ ಸಾಕು ತಡೆಯಲು, ನಮ್ಮ ಚರ್ಮದ ಮೇಲಿನ ಸತ್ತ ಪದರವೂ ಸಾಕು.

ಹಾಗಂತ ಬರಿಗೈಯಲ್ಲಿ ಹಿಡಿದು ಆಡಿಸುವ ವಸ್ತುವೂ ಅಲ್ಲ. ಯುರೇನಿಯಂ ಜೊತೆಯಲ್ಲೇ ಹುಟ್ಟುವ ಬೇರೆ ಮೂಲವಸ್ತುಗಳು ಜೋರಾದ ಬೀಟಾ ಕಣ ಬಿಡುತ್ತವೆ. ಲೋಹದ ಮೇಲೆ ಬರಿಗೈ ಇಟ್ಟರೆ ಚರ್ಮಕ್ಕೆ ಗಂಟೆಗೆ ಸುಮಾರು 2 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ ಅದು). ಕೈಗೆ ಮತ್ತು ಚರ್ಮಕ್ಕೆ ವರ್ಷಕ್ಕೆ ಇಟ್ಟಿರುವ ಮಿತಿ 500. ಲೆಕ್ಕ ಹಾಕಿ, ವರ್ಷದಲ್ಲಿ 250 ಗಂಟೆ ಹಿಡಿದುಕೊಂಡರೆ ಮುಗಿಯಿತು. ದಪ್ಪ ಕೈಗವಸು ಹಾಕಿ, ಆದಷ್ಟು ಚಿಮಟ ಬಳಸಿ, ಕೆಲಸ ಇಲ್ಲದಾಗ ದೂರ ನಿಲ್ಲಿ ಅನ್ನುವುದು ಇದಕ್ಕೇ.

ಆದರೆ ನಿಜವಾದ ತೊಂದರೆ ದೂಳು. ಪುಡಿ, ಹೊಗೆ, ದ್ರಾವಣದ ಹನಿ, ಲೇಥ್‌ನಿಂದ ಹಾರುವ ಚೂರು. ಉಸಿರಲ್ಲೋ ಬಾಯಲ್ಲೋ ಒಳಗೆ ಹೋದರೆ ಅದೇ ಬಡಪಾಯಿ ಆಲ್ಫಾ ಕಣಕ್ಕೆ ಈಗ ಅಡ್ಡ ಚರ್ಮ ಇಲ್ಲ. ಕರಗದ ಆಕ್ಸೈಡ್ ಪುಡಿ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಕರಗುವ ಬಗೆಯಾದರೆ ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಹೋಗುತ್ತದೆ, ಅಲ್ಲಿ ವಿಕಿರಣಕ್ಕಿಂತ ಮೊದಲು ವಿಷವಾಗಿ ಕೆಲಸ ಮಾಡುತ್ತದೆ, ಸೀಸದ ಹಾಗೆಯೇ ಇದೂ ಒಂದು ಭಾರಲೋಹ ಅಲ್ವಾ. ಅಮೆರಿಕದ ನಿಯಮದಲ್ಲಿ ಕರಗುವ ಯುರೇನಿಯಂ ಒಬ್ಬರ ದೇಹಕ್ಕೆ ವಾರಕ್ಕೆ 10 ಮಿಲಿಗ್ರಾಂಗಿಂತ ಜಾಸ್ತಿ ಹೋಗಬಾರದು. ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪು ಇದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇರುತ್ತದೆ. ಮುಂದಿನ ನಿಯಮಗಳಲ್ಲಿ ಅರ್ಧಕ್ಕರ್ಧ ಸಣ್ಣಪುಟ್ಟ ಕಿರಿಕಿರಿ ಅನಿಸುತ್ತವೆ. ಈ ಚಿಟಿಕೆ ಲೆಕ್ಕ ತಲೆಯಲ್ಲಿದ್ದರೆ ಅವು ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲಸಕ್ಕೆ ಸೇರುವ ಮುಂಚೆ

ಮುಕಾದಮ ಹೇಳಿದ ಅಂತ ನೇರ ಒಳಗೆ ಹೋಗಬೇಡಿ. ಆ ಜಾಗದಲ್ಲಿ ವಿಕಿರಣ ಸುರಕ್ಷಾ ಅಧಿಕಾರಿ ಒಬ್ಬರು ಇರಬೇಕು. ಅವರನ್ನು ಕಂಡು ನಾಲ್ಕು ಮಾತು ಕೇಳಿ: ನಾನು ಮುಟ್ಟುವುದು ಲೋಹವಾ, ಪುಡಿಯಾ, ದ್ರಾವಣವಾ? ನೈಸರ್ಗಿಕವಾ, ಡಿಪ್ಲೀಟೆಡ್ಡಾ, ಎನ್‌ರಿಚ್ಡ್ಡಾ? ಒಂದೇ ಹೆಸರಿನ ವಸ್ತು, ಆದರೆ ಪ್ರತಿಯೊಂದಕ್ಕೂ ನಿಯಮ ಬೇರೆ.

ಎನ್‌ರಿಚ್ಡ್ ಅಂದರೆ ಯುರೇನಿಯಂ-235ರ ಪಾಲು ಹೆಚ್ಚಿಸಿದ್ದು, ಅದು ಇನ್ನೊಂದೇ ಲೋಕ. ಜಪಾನಿನ ತೊಕೈಮುರಾದಲ್ಲಿ 1999ರ ಸೆಪ್ಟೆಂಬರ್ 30ರಂದು ಕೆಲಸ ಬೇಗ ಮುಗಿಯಲಿ ಅಂತ ಎನ್‌ರಿಚ್ಡ್ ಯುರೇನಿಯಂ ದ್ರಾವಣವನ್ನು ಬಕೆಟಿನಿಂದ ಒಂದೇ ತೊಟ್ಟಿಗೆ ಸುರಿದರು. ಅಲ್ಲೇ ಪರಮಾಣುಗಳು ಒಂದರ ಹಿಂದೆ ಒಂದು ಒಡೆಯುವ ಸರಣಿ ಕ್ರಿಯೆ ಶುರುವಾಯಿತು, ಆಮೇಲೆ ಇಬ್ಬರು ಕೆಲಸಗಾರರು ಸತ್ತರು. ಒಂದು ಪಾತ್ರೆಯಲ್ಲಿ ಇಷ್ಟೇ ಇರಬೇಕು, ಎರಡು ಪಾತ್ರೆ ಇಷ್ಟು ದೂರ ಇರಬೇಕು ಅಂತ ಬೋರ್ಡಿನಲ್ಲಿ ಬರೆದಿದ್ದರೆ ಅದನ್ನು ಮೇಸ್ತ್ರಿಯ ಮಾತಿಗೆ ಮೀರಬೇಡಿ.

18 ತುಂಬದವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ. ಸೇರುವಾಗ ವೈದ್ಯಕೀಯ ತಪಾಸಣೆ ಆಗಬೇಕು. ಮುಂಚೆ ಬೇರೆ ಕಡೆ ವಿಕಿರಣದ ಕೆಲಸ ಮಾಡಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಯಾಕೆಂದರೆ ಮಿತಿ ನಿಮ್ಮ ಮೈಗೆ, ಕಂಪನಿಗಲ್ಲ. ತರಬೇತಿ ಅರ್ಥವಾಗುವ ಭಾಷೆಯಲ್ಲಿ ಕೇಳಿ. ಇಂಗ್ಲಿಷ್ ಹಾಳೆಗೆ ಸಹಿ ಹಾಕಿಸಿಕೊಂಡು ತರಬೇತಿ ಮುಗಿಯಿತು ಅನ್ನುವುದನ್ನು ನಾನಂತೂ ತರಬೇತಿ ಅನ್ನುವುದಿಲ್ಲ.

ಬ್ಯಾಡ್ಜ್ ಕವಚ ಅಲ್ಲ

ಎದೆಗೆ ಸಿಕ್ಕಿಸಿಕೊಳ್ಳಲು ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತಾರೆ. ಒಳಗೆ ಒಂದು ಲೋಹದ ಪಟ್ಟಿ, ಅದರ ಮೇಲೆ ಮೂರು ಚಿಕ್ಕ ಬಿಳಿ ಬಿಲ್ಲೆ. ಒಂದರ ಮೇಲೆ ಲೋಹದ ಮುಚ್ಚಳ, ಒಂದರ ಮೇಲೆ ಪ್ಲಾಸ್ಟಿಕ್, ಒಂದು ಬರಿದು. ಯಾವ ಬಗೆಯ ವಿಕಿರಣ ಎಷ್ಟು ತಾಗಿದೆ ಅಂತ ಈ ಮೂರರ ವ್ಯತ್ಯಾಸದಿಂದ ಗೊತ್ತಾಗುತ್ತದೆ. ಬಿಲ್ಲೆಯನ್ನು ಯಂತ್ರದಲ್ಲಿ ಕಾಯಿಸಿದಾಗ ಅದು ತಿಂದ ವಿಕಿರಣಕ್ಕೆ ತಕ್ಕಂತೆ ಬೆಳಕು ಬಿಡುತ್ತದೆ, ಆ ಬೆಳಕೇ ಲೆಕ್ಕ. ಅದಕ್ಕೇ ಬ್ಯಾಡ್ಜನ್ನು ಬಿಸಿಲಲ್ಲಿ, ಬಿಸಿ ಜಾಗದಲ್ಲಿ ಇಡಬೇಡಿ, ಬಟ್ಟೆ ಜೊತೆ ಒಗೆಯಬೇಡಿ, ಇವತ್ತು ನನ್ನದು ಮರೆತುಬಂದೆ ನಿನ್ನದು ಕೊಡು ಅನ್ನಬೇಡಿ. ಪಾಳಿ ಮುಗಿದ ಮೇಲೆ ಅದರ ಜಾಗದಲ್ಲೇ ತೂಗುಹಾಕಿ, ಲೋಕಲ್‌ನಲ್ಲಿ ಜೇಬಿನಲ್ಲಿಟ್ಟುಕೊಂಡು ಖೋಲಿಗೆ ತರಬೇಡಿ.

ಬ್ಯಾಡ್ಜ್ ಹಾಕಿದ್ದೇನಲ್ಲ, ನನಗೇನಾಗುತ್ತದೆ ಅನ್ನುವವರು ಬೇಕಾದಷ್ಟು ಜನ. ಬ್ಯಾಡ್ಜ್ ಏನನ್ನೂ ತಡೆಯುವುದಿಲ್ಲ, ಬರೀ ಎಣಿಸುತ್ತದೆ. ಅದೂ ಹೊರಗಿನಿಂದ ಬಂದದ್ದನ್ನು ಮಾತ್ರ. ನೀವು ಉಸಿರಲ್ಲಿ ಎಳೆದುಕೊಂಡ ಪುಡಿ ಅದಕ್ಕೆ ಕಾಣುವುದೇ ಇಲ್ಲ.

ಒಳಗೆ ಹೋಗುವಾಗ

ಇಂಥ ಘಟಕಗಳನ್ನು ಬಿಳಿ, ಹಸಿರು, ಅಂಬರ್, ಕೆಂಪು ಅಂತ ವಲಯ ಮಾಡಿರುತ್ತಾರೆ. ಮುಂದೆ ಹೋದಂತೆ ದೂಳಿನ ಸಾಧ್ಯತೆ ಜಾಸ್ತಿ. ವಲಯ ದಾಟುವ ಕಡೆ ಅಡ್ಡ ಕಟ್ಟೆ ಇರುತ್ತದೆ. ಈ ಕಡೆಯ ಚಪ್ಪಲಿ ಈ ಕಡೆ ಬಿಟ್ಟು, ಕಟ್ಟೆ ಮೇಲೆ ಕೂತು, ಕಾಲು ಆ ಕಡೆ ತಿರುಗಿಸಿ ಆ ಕಡೆಯ ಶೂ ಹಾಕಿಕೊಳ್ಳಿ. ಮನೆ ಹೊಸ್ತಿಲಲ್ಲಿ ನಾವು ಮಾಡುವುದೇ, ಬೇರೇನಲ್ಲ.

ಉಂಗುರ, ವಾಚು, ಕೈಯ ಕೆಂಪು ದಾರ ತೆಗೆದಿಡಿ, ಪುಡಿ ಅವುಗಳ ಸಂದಿಯಲ್ಲಿ ಕೂರುತ್ತದೆ. ಗಾಯ ಇದ್ದರೆ ಮೊದಲೇ ತೋರಿಸಿ, ನೀರು ಇಳಿಯದ ಪಟ್ಟಿ ಹಾಕಿಸಿಕೊಳ್ಳಿ, ದೊಡ್ಡ ಗಾಯವಾದರೆ ಆ ದಿನ ಒಳಗೆ ಹೋಗಲೇಬೇಡಿ. ಗಡ್ಡದ ವಿಷಯಕ್ಕೆ ಜಗಳ ಆಗುತ್ತದೆ ಅಂತ ಗೊತ್ತು. ಆದರೆ ಮುಖಕ್ಕೆ ಅಂಟಿ ಕೂರಬೇಕಾದ ಮಾಸ್ಕ್ ಗಡ್ಡದ ಮೇಲೆ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಎರಡು ದಿನದ ಕುರುಚಲು ಗಡ್ಡವೂ ಸಾಕು. ಗಡ್ಡ ತೆಗೆಯಲಾಗದವರು ತಲೆಗೆ ಪೂರ್ತಿ ಮುಚ್ಚುವ, ಗಾಳಿ ಊದುವ ಟೋಪಿ ಸಿಗುತ್ತದಾ ಕೇಳಿ.

ಕೆಲಸ ಮಾಡುವಾಗ

ತಂಬಾಕು. ಮೊದಲು ಇದನ್ನೇ ಹೇಳಬೇಕು. ಎಡ ಅಂಗೈಯಲ್ಲಿ ತಂಬಾಕು ಹಾಕಿ, ಉಗುರಿನಿಂದ ಸುಣ್ಣ ತೆಗೆದು, ಬಲ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ, ಎರಡು ಸಲ ತಟ್ಟಿ ದೂಳು ಹಾರಿಸಿ, ತುಟಿಯ ಒಳಗೆ ಇಡುತ್ತಾರಲ್ಲ, ಅಂಗೈಯಲ್ಲಿದ್ದ ಯುರೇನಿಯಂ ಬಾಯಿಗೆ ಹೋಗಲು ಇದಕ್ಕಿಂತ ಒಳ್ಳೆ ದಾರಿ ಯಾರೂ ಕಂಡುಹಿಡಿಯಲಾರರು. ಬೀಡಿ, ಗುಟ್ಕಾ, ಚಹಾ, ವಡಾಪಾವ್ ಯಾವುದೂ ಒಳಗೆ ಬೇಡ. ನೀರು ಕೂಡ ಹೊರಗೆ ಬಂದು, ಕೈ ತೊಳೆದು, ತಪಾಸಣೆ ಆದ ಮೇಲೆ. ಮುಂಬೈ ಸೆಕೆಯಲ್ಲಿ ಬೆವರು ಸುರಿಯುವಾಗ ಕೈಗವಸಿನಿಂದಲೇ ಮುಖ ಒರೆಸುವುದು ರೂಢಿಯಾಗಿಬಿಟ್ಟಿರುತ್ತದೆ, ಅದೂ ಬೇಡ.

ಪೊರಕೆ ಬೇಡ. ಗಾಳಿ ಪೈಪ್ ಹಿಡಿದು ಊದುವುದಂತೂ ಬೇಡವೇ ಬೇಡ. ನೆಲದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲ ಇದಕ್ಕೇ ಮಾಡಿದ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಬೇಕು. ಪುಡಿಯ ಕೆಲಸ ಗಾಳಿ ಎಳೆಯುವ ಹುಡ್ ಒಳಗೆ ಅಥವಾ ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಯಾದ ಗ್ಲವ್ ಬಾಕ್ಸ್‌ನಲ್ಲಿ ಮಾತ್ರ. ಹುಡ್ ಎಳೆಯುತ್ತಿಲ್ಲ ಅನಿಸಿದರೆ ಕೆಲಸ ನಿಲ್ಲಿಸಿ ಹೇಳಿ.

ಇನ್ನೊಂದು, ಯುರೇನಿಯಂನ ಸಣ್ಣ ಚೂರು, ಪುಡಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬೆಂಕಿ ಕಂಡರೆ ಬಕೆಟ್ ನೀರಿಗೆ ಓಡಬೇಡಿ. ಉರಿಯುವ ಲೋಹಕ್ಕೆ ನೀರು ಬಿದ್ದರೆ ಹೈಡ್ರೋಜನ್ ಹುಟ್ಟಿ ಇನ್ನೂ ಜೋರಾಗುತ್ತದೆ. ಲೋಹದ ಬೆಂಕಿಗೆ ಅಂತಲೇ ಇಟ್ಟಿರುವ ಒಣ ಪುಡಿ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಗಾಮಾ ಕ್ಯಾಮೆರಾದವರಿಗೆ ಒಂದು ಮಾತು. ಇರಿಡಿಯಂ ಮೂಲ ಒಳಗೆ ಹೊರಗೆ ಓಡಾಡುವ ಕೊಳವೆ ಸವೆದರೆ ಹಿಂದಿನ ಯುರೇನಿಯಂ ಕೆರೆದು ಪುಡಿ ಬರುತ್ತದೆ. ಕ್ಯಾಮೆರಾಗೆ ಆ ಸವೆತದ ಪರೀಕ್ಷೆ ಯಾವಾಗ ಆಯಿತು ಅಂತ ಕೇಳಿ. ಪೆಟ್ಟಿಗೆ ಬಿಚ್ಚುವುದು, ಕೊರೆಯುವುದು, ವೆಲ್ಡ್ ಮಾಡುವುದು ನಿಮ್ಮ ಕೆಲಸ ಅಲ್ಲ.

ಹೊರಗೆ ಬರುವಾಗ

ಎಲ್ಲರಿಗೂ ಅವಸರ ಇರುವುದು ಇಲ್ಲೇ, ತಪ್ಪು ಆಗುವುದೂ ಇಲ್ಲೇ. ಹೆಚ್ಚು ಕೊಳೆಯಾದದ್ದು ಮೊದಲು: ಹೊರಗಿನ ಕೈಗವಸು, ಶೂ ಕವರ್, ಆಮೇಲೆ ಮೇಲಂಗಿ, ಅದನ್ನು ಒಳಭಾಗ ಹೊರಗೆ ಬರುವಂತೆ ಸುತ್ತುತ್ತಾ ತೆಗೆಯಿರಿ, ಝಾಡಿಸಬೇಡಿ. ಮಾಸ್ಕ್ ಆದಷ್ಟು ಕೊನೆಗೆ. ಆಮೇಲೆ ಕೈ ತೊಳೆದು, ಒಣಗಿಸಿ, ಕೈ-ಕಾಲು ತಪಾಸಣೆ ಯಂತ್ರದಲ್ಲಿ ನಿಲ್ಲಿ.

ಒಣಗಿಸಿ ಅಂದದ್ದು ಸುಮ್ನೆ ಅಲ್ಲ. ಒದ್ದೆ ಕೈ ಇಟ್ಟರೆ ತೆಳುವಾದ ನೀರಿನ ಪೊರೆಯೇ ಆಲ್ಫಾ ಕಣವನ್ನು ತಡೆದುಬಿಡುತ್ತದೆ, ಯಂತ್ರ ಹಸಿರು ದೀಪ ತೋರಿಸುತ್ತದೆ, ನೀವು ಪುಡಿ ಸಮೇತ ಮನೆಗೆ ಹೋಗುತ್ತೀರಿ. ಕೈಯಲ್ಲಿ ಹಿಡಿಯುವ ಮೀಟರ್ ಆದರೂ ಅಷ್ಟೇ, ಚರ್ಮಕ್ಕೆ ತಾಗದಷ್ಟು ಹತ್ತಿರ, ನಿಧಾನವಾಗಿ ಸರಿಸಬೇಕು. ಆರತಿ ಎತ್ತಿದ ಹಾಗೆ ದೂರದಿಂದ ಸುತ್ತಿಸಿದರೆ ಏನೂ ಸಿಗುವುದಿಲ್ಲ.

ಯಂತ್ರ ಕೂಗಿದರೆ ಗಾಬರಿ ಬೇಡ, ಓಡಬೇಡಿ. ಸಾಬೂನು, ಉಗುರುಬೆಚ್ಚಗಿನ ನೀರು, ಮೃದುವಾಗಿ ತೊಳೆದು ಮತ್ತೆ ನೋಡಿ. ಬ್ರಷ್ಷಿನಿಂದ ತಿಕ್ಕಿ ಚರ್ಮ ಕೆರೆದರೆ ಹೊರಗಿದ್ದದ್ದನ್ನು ನೀವೇ ಒಳಗೆ ಕಳಿಸಿದ ಹಾಗೆ. ಕೆಲಸದ ಬಟ್ಟೆ ಅಲ್ಲೇ ಒಗೆಯಬೇಕು, ಮನೆಯ ಬಕೆಟಿಗೆ ಬರಬಾರದು.

ಮೂತ್ರ ಕೊಡಿ, ನಾಚಬೇಡಿ

ಬ್ಯಾಡ್ಜಿಗೆ ಕಾಣದ್ದನ್ನು ಹೇಳುವುದು ಮೂತ್ರ ಪರೀಕ್ಷೆ. ದೇಹದೊಳಗೆ ಹೋದ ಯುರೇನಿಯಂ ಸ್ವಲ್ಪ ಸ್ವಲ್ಪವಾಗಿ ಮೂತ್ರದಲ್ಲಿ ಬರುತ್ತದೆ, ಅದನ್ನು ಅಳೆದು ಒಳಗೆ ಎಷ್ಟು ಹೋಗಿದೆ ಅಂತ ಲೆಕ್ಕ ಹಾಕುತ್ತಾರೆ. ಬೇಕಾದರೆ ಎದೆಯ ಮೇಲೆ ಯಂತ್ರ ಇಟ್ಟು ಶ್ವಾಸಕೋಶವನ್ನೂ ನೋಡುತ್ತಾರೆ. ಬಾಟಲಿ ಕೊಟ್ಟರೆ ಮನೆಯಲ್ಲಿ, ಸ್ನಾನ ಮಾಡಿ ಕೈ ತೊಳೆದ ಮೇಲೆ ತುಂಬಿಸಿ. ಕೆಲಸದ ಜಾಗದಲ್ಲಿ ತುಂಬಿಸಿದರೆ ಕೈಯ ಪುಡಿ ಬಾಟಲಿಗೆ ಬಿದ್ದು ಇಲ್ಲದ ಲೆಕ್ಕ ತೋರಿಸುತ್ತದೆ. ಪಕ್ಕದವನ ಹತ್ತಿರ ತುಂಬಿಸಿಕೊಂಡು ಕೊಡುವ ಜಾಣರೂ ಇರಬಹುದು. ಅವನ ಮೂತ್ರಪಿಂಡ ಚೆನ್ನಾಗಿದೆ ಅಂತ ಗೊತ್ತಾಗುತ್ತದೆ, ಅಷ್ಟೇ.

ಗಾಯ ಆದರೆ, ಮಾಸ್ಕ್ ಜಾರಿದರೆ, ಪುಡಿ ಮುಖಕ್ಕೆ ಹಾರಿದರೆ ಆಗಲೇ ಹೇಳಿ. ಗಾಯವನ್ನು ಹರಿಯುವ ನೀರಿನಲ್ಲಿ ತೊಳೆದು ಪ್ರಥಮ ಚಿಕಿತ್ಸೆಗೆ ಹೋಗಿ. ಕೆಲಸ ಹೋಗುತ್ತದೆ ಅನ್ನುವ ಭಯಕ್ಕೆ ಮುಚ್ಚಿಡುವುದು ಠೇಕೆ ಕೆಲಸದವರಲ್ಲೇ ಜಾಸ್ತಿ, ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಮೂಗಿನೊಳಗೆ ಒರೆಸಿ ತೆಗೆಯುವ ಮಾದರಿ, ಮೂತ್ರ ಎಲ್ಲ ಬೇಗ ತೆಗೆದರೆ ಮಾತ್ರ ಸರಿಯಾದ ಲೆಕ್ಕ ಸಿಗುತ್ತದೆ.

ಮಿತಿ ಎಷ್ಟು, ದಾಖಲೆ ಎಲ್ಲಿ

ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಶುರುವಾದದ್ದು 1983ರ ನವೆಂಬರ್ 15, ಕಚೇರಿ ಇಲ್ಲೇ ಅಣುಶಕ್ತಿನಗರದಲ್ಲಿ. ವಿಕಿರಣದ ಕೆಲಸಗಾರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಹೊರಗಿನದು, ಒಳಗಿನದು ಎರಡೂ ಸೇರಿ ಈ ಲೆಕ್ಕ. ಸಾಮಾನ್ಯ ಜನರಿಗೆ ವರ್ಷಕ್ಕೆ 1. ಹೋಲಿಸಿ ನೋಡುವುದಾದರೆ, ಏನೂ ಮಾಡದೆ ಮನೆಯಲ್ಲಿ ಕೂತವರಿಗೂ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಜಗತ್ತಿನ ಸರಾಸರಿ 2.4 ಸಿಗುತ್ತದೆ. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಹೆಣ್ಣುಮಕ್ಕಳು ತಿಳಿಸಬೇಕು. ಆಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ ಸಾಮಾನ್ಯ ಜನರ ಮಿತಿಯೇ, ಅದಕ್ಕೆ ತಕ್ಕ ಕೆಲಸ ಕೊಡಬೇಕು.

ಭಂಗಾರ್ (ಗುಜರಿ) ವ್ಯಾಪಾರದವರಿಗೂ ಇದು ಸಂಬಂಧಿಸಿದ್ದು. 2021ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) 7 ಕಿಲೋಗೂ ಜಾಸ್ತಿ ನೈಸರ್ಗಿಕ ಯುರೇನಿಯಂ ಹಿಡಿದಿದ್ದು ನೆನಪಿದೆಯಲ್ಲ? ಗಾತ್ರಕ್ಕೆ ಮೀರಿದ ಭಾರದ ಕಪ್ಪು ಲೋಹ, ಮೂರು ರೆಕ್ಕೆಯ ಹಳದಿ ಗುರುತು ಕಂಡರೆ ಕತ್ತರಿಸಬೇಡಿ, ದೂರ ಇಟ್ಟು ಪೊಲೀಸರಿಗೆ ಹೇಳಿ.

ಠೇಕೇದಾರ ಬದಲಾದಾಗ ಹಳೆಯ ಲೆಕ್ಕ ಅಳಿಸಿಹೋಗುವುದಿಲ್ಲ. ನಿಮ್ಮ ಡೋಸ್ (ಮೈಗೆ ತಾಗಿದ ವಿಕಿರಣ) ದಾಖಲೆಯನ್ನು ನಿಮಗೆ 75 ವರ್ಷ ಆಗುವವರೆಗೆ, ಕೆಲಸ ಬಿಟ್ಟ ಮೇಲೆ ಕನಿಷ್ಠ 30 ವರ್ಷ ಇಟ್ಟಿರಬೇಕು ಅಂತ 2004ರ ವಿಕಿರಣ ರಕ್ಷಣಾ ನಿಯಮ ಹೇಳುತ್ತದೆ. ಹೊರಡುವ ದಿನ ಸುರಕ್ಷಾ ಅಧಿಕಾರಿಯ ಹತ್ತಿರ ಹೋಗಿ ನಿಮ್ಮ ಡೋಸ್ ದಾಖಲೆಯ ಸಂಖ್ಯೆ ಮತ್ತು ಈವರೆಗಿನ ಒಟ್ಟು ಲೆಕ್ಕವನ್ನು ಬರೆಸಿಕೊಂಡು ಬನ್ನಿ, ಫೋನಿನಲ್ಲಿ ಒಂದು ಫೋಟೊ ತೆಗೆದು ಊರಿನ ಮನೆಯವರಿಗೂ ಕಳಿಸಿಡಿ.